ಅಪ್ಪನ ಕೋವಿ ಹಿಡಿದು ನೀವು ಸ್ಟೇಷನ್ನಿಗೆ ಹೋಗಬೇಡಿ

ನೀವು ಬರೆದದ್ದು ಇಷ್ಟು. ಬೆಳೆ ರಕ್ಷಣೆಗೆ ಅಂತ 68 ವರ್ಷದ ಅಪ್ಪನ ಹೆಸರಲ್ಲಿ ಲೈಸೆನ್ಸ್ ಕೋವಿ ಇದೆ. ರಾತ್ರಿ ಈಡಿನ ಸದ್ದು ಕೇಳಿತು ಅಂತ ಪಕ್ಕದ ತೋಟದವರು ದೂರು ಕೊಟ್ಟಿದ್ದಾರೆ. "ಕೋವಿ ತಗೊಂಡು ಬಾ, ಸ್ವಲ್ಪ ಮಾತಾಡೋದಿದೆ" ಅಂತ ಪೊಲೀಸರು ನಿಮಗೆ ಫೋನ್ ಮಾಡಿದ್ದಾರೆ. ಹೋಗಲೇಬೇಕಾ, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾ?

ನಾನು ವಕೀಲನಲ್ಲ, ಇಪ್ಪತ್ತು ವರ್ಷದಿಂದ ಲೈಸೆನ್ಸ್ ಇಟ್ಟುಕೊಂಡವನು. ನಿಮ್ಮ ಪ್ರಶ್ನೆ ಓದಿದಾಗ ಭಯ ಆದದ್ದು ಆ "ತಗೊಂಡು ಬಾ" ಅನ್ನೋ ಮಾತಿಗೆ. ಲೈಸೆನ್ಸ್ ಇರುವುದು ಅಪ್ಪನಿಗೆ, ನಿಮಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದವರು ಕೋವಿ ಒಯ್ಯಬೇಕಾದರೆ ಲೈಸೆನ್ಸುದಾರರು ಜೊತೆಗಿರಬೇಕು, ಇಲ್ಲವೇ ಬರೆದು ಕೊಟ್ಟಿರಬೇಕು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಅವರ ಬಳಕೆಗೆ ಮಾತ್ರ. ಪೊಲೀಸರು ಫೋನಲ್ಲಿ ಕರೆದರು ಅನ್ನೋದು ಅದರಲ್ಲಿ ಇಲ್ಲ. ದೂರು ಇದ್ದದ್ದು ಸದ್ದಿನ ಬಗ್ಗೆ. ದಾರಿಯಲ್ಲಿ ಸಿಕ್ಕಿಬಿದ್ದರೆ ನಿಮ್ಮ ಮೇಲೆ ಬೇರೆಯದೇ ಕೇಸು ಆಗಬಹುದು.

ಹಾಗಾದರೆ ಅಪ್ಪ ಹೋಗಬೇಕಾ? ಸಾಕ್ಷಿ ಅಂತ ಕರೆಸುವುದಾದರೆ ಲಿಖಿತ ಆದೇಶ ಬೇಕು. ಅದರ ಮೇಲೆ, 60 ದಾಟಿದ ಗಂಡಸರನ್ನು ಸ್ಟೇಷನ್ನಿಗೆ ಬರಲೇಬೇಕು ಅನ್ನುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಇದು ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್. 2024ರ ಜುಲೈಗೆ ಮುಂಚೆ ಈ ವಯಸ್ಸು 65 ಇತ್ತು. ಆದರೆ ಆರೋಪಿ ಅಂತ ಅದೇ ಸಂಹಿತೆಯ 35ನೇ ಸೆಕ್ಷನ್ನಿನ ನೋಟಿಸು ಕೊಟ್ಟರೆ ಮಾತ್ರ ಹೋಗಲೇಬೇಕು. ಅದಕ್ಕೇ ಕಾಗದ ಕೈಗೆ ಬಂದ ತಕ್ಷಣ ಯಾವ ಸೆಕ್ಷನ್ ಬರೆದಿದ್ದಾರೆ ಅಂತ ನೋಡಿ.

ಇನ್ನು ಪ್ರಶ್ನೆಗಳು. "ಲೈಸೆನ್ಸ್ ತೋರಿಸಿ" ಅಂದರೆ ವಾದ ಬೇಡ, ತೋರಿಸಿ. ಕೋವಿ ಹಿಡಿದು ಹೋಗುವವರ ಹತ್ತಿರ ಯಾವ ಪೊಲೀಸ್ ಅಧಿಕಾರಿ ಬೇಕಾದರೂ ಲೈಸೆನ್ಸ್ ಕೇಳಬಹುದು. ಇಲ್ಲ ಅಂದರೆ ಕೋವಿ ವಶಪಡಿಸಿಕೊಳ್ಳಬಹುದು. ಹೆಸರು, ವಿಳಾಸ ಹೇಳದಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಬಹುದು. ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಂಥವರು ಲೈಸೆನ್ಸ್ ಬದಲು ವಿನಾಯಿತಿ ಪತ್ರ ತೋರಿಸಿದರೆ ಸಾಕು. "ಮೊನ್ನೆ ರಾತ್ರಿ ಹನ್ನೊಂದಕ್ಕೆ ಎಲ್ಲಿದ್ದಿರಿ" ಅನ್ನೋದು ಬೇರೆ ಜಾತಿಯ ಪ್ರಶ್ನೆ. ಯಾವ ಉತ್ತರ ನಿಮ್ಮನ್ನೇ ಅಪರಾಧಕ್ಕೆ ಸಿಕ್ಕಿಸುತ್ತದೋ ಅದನ್ನು ಕೊಡದೇ ಇರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ಸುಮ್ಮನಿರಬಹುದು, ಸುಳ್ಳು ಹೇಳುವ ಹಾಗಿಲ್ಲ. ಗಾಬರಿಯಲ್ಲಿ "ಕೋವಿ ಕೆಟ್ಟು ವರ್ಷ ಆಯ್ತು ಸಾರ್" ಅಂದುಬಿಡುವವರೇ ಜಾಸ್ತಿ. ನಳಿಗೆಯೊಳಗೆ ಮಸಿ ಕಂಡರೆ ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಯೋಚಿಸಿ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕುವ ಅಗತ್ಯವೂ ಇಲ್ಲ.

ಕೋವಿಯನ್ನು ವಶಕ್ಕೆ ತೆಗೆದುಕೊಂಡರೆ ರಸೀದಿ ಬಿಡಬೇಡಿ. ಒಂದು ಚುನಾವಣೆ ಹೊತ್ತಿಗೆ ನಾನು ಕೋವಿ ಠೇವಣಿ ಇಟ್ಟಿದ್ದೆ. ರಸೀದಿಯಲ್ಲಿ "ಕೋವಿ - 1" ಅಂತಷ್ಟೇ ಇತ್ತು, ನಾನೂ ಮಡಚಿ ಜೇಬಿಗೆ ಹಾಕಿಕೊಂಡೆ. ವಾಪಸ್ ತರಲು ಹೋದಾಗ ಕೈಗೆ ಬಂದದ್ದು ಬೇರೆ ಯಾರದೋ ಒಂಟಿ ನಳಿಗೆ. ನನ್ನದರ ಮರದ ಹಿಡಿಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಚೂರು ಹಾರಿಹೋಗಿದೆ, ಇದರಲ್ಲಿ ನುಣ್ಣಗಿತ್ತು. ಲೈಸೆನ್ಸಿನಲ್ಲಿದ್ದ ನಂಬರು ಹಿಡಿದು ರಾಶಿಯಲ್ಲಿ ಹುಡುಕುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಅದಕ್ಕೇ ರಸೀದಿಯಲ್ಲಿ ಕೋವಿಯ ನಂಬರು, ಕಾರ್ಟ್ರಿಜ್ ಎಷ್ಟು, ತಾರೀಕು, ಸಹಿ ಎಲ್ಲ ಇದೆಯಾ ಅಂತ ಅಲ್ಲೇ ನಿಂತು ನೋಡಿ.

ಮತ್ತೆ ಫೋನ್ ಬಂದರೆ ಮರ್ಯಾದೆಯಿಂದಲೇ ಹೇಳಿ: "ಸಾರ್, ಲೈಸೆನ್ಸ್ ಅಪ್ಪನ ಹೆಸರಲ್ಲಿದೆ, ಅವರಿಗೆ 68. ನೋಟಿಸ್ ಕೊಡಿ, ಮನೆಯಲ್ಲೇ ಇರುತ್ತೇವೆ." ಅದಕ್ಕೂ ಮೊದಲು, ಈಗಲೇ ಎದ್ದು ಲೈಸೆನ್ಸ್ ಪುಸ್ತಕದಲ್ಲಿ ಅವಧಿ ಎಲ್ಲಿಯವರೆಗೆ ಇದೆ ನೋಡಿ. ಮುಗಿದುಹೋಗಿದ್ದರೆ ಮೊದಲ ಫೋನ್ ವಕೀಲರಿಗೆ.