ಸಂಪಾದಕರ ಉತ್ತರ: ಸಂದರ್ಶನದ ಅಂಕಪಟ್ಟಿಯಲ್ಲಿ ದೇಹಭಾಷೆಗೊಂದು ಕಾಲಂ ಬೇಕೇ?

ಪತ್ರದ ಸಾರ: ಹಲವು ದೇಶಗಳ ಅಭ್ಯರ್ಥಿಗಳನ್ನು ವಿಡಿಯೊ ಕರೆಯಲ್ಲಿ ಸಂದರ್ಶಿಸುವ ತಂಡವೊಂದರಲ್ಲಿ ಇರುವ ಓದುಗರು ಬರೆದಿದ್ದಾರೆ. ‘ಸಂವಹನದಲ್ಲಿ ಶೇ. 93ರಷ್ಟು ಕೆಲಸ ಮುಖ, ಮೈ ಮತ್ತು ದನಿಯದು, ಮಾತಿನದು ಶೇ. 7 ಮಾತ್ರ’ ಎಂದು ತರಬೇತಿ ಕೊಡಲು ಬಂದವರು ಹೇಳಿದರಂತೆ. ಆಮೇಲೆ ಅಂಕಪಟ್ಟಿಗೆ 20 ಅಂಕಗಳ ‘ದೇಹಭಾಷೆ’ ಕಾಲಂ ಸೇರಿತು. ಕಣ್ಣು ತಪ್ಪಿಸಿದರೆ, ಕೈ ಕಟ್ಟಿ ಕೂತರೆ, ಉತ್ತರ ತಡವಾದರೆ ಅಂಕ ಕಡಿತ. ಇದು ಸರಿಯೇ, ಸರಿಯಲ್ಲದಿದ್ದರೆ ಯಾವ ದೇಶದವರ ಯಾವ ಹಾವಭಾವಕ್ಕೆ ಏನರ್ಥ ಎಂಬ ಪಟ್ಟಿ ಕೊಡಬಹುದೇ ಎಂದು ಕೇಳಿದ್ದಾರೆ.

ಆ ಕಾಲಂ ತೆಗೆದುಬಿಡಿ. ಪಟ್ಟಿಯನ್ನೂ ನಾವು ಕೊಡುವುದಿಲ್ಲ. ಎರಡಕ್ಕೂ ಕಾರಣವಿದೆ.

ಮೊದಲು ಶೇ. 93ರ ಮಾತು. ಅದರ ಮೂಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಎರಡು ಪ್ರಯೋಗಗಳು. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ‘ಇರಬಹುದು’ ಎಂಬರ್ಥದ ಒಂದೇ ಒಂದು ಪದ, ಜೊತೆಗೆ ಮುಖದ ಫೋಟೊ. ಕೇಳಿದವರು ಊಹಿಸಬೇಕಾಗಿದ್ದದ್ದು ಒಂದೇ: ಮಾತಾಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ. ಎರಡರ ಫಲಿತಾಂಶವನ್ನೂ ಜೋಡಿಸಿ ಬಂದದ್ದು ಮಾತಿಗೆ ಶೇ. 7, ದನಿಗೆ 38, ಮುಖಕ್ಕೆ 55 ಎಂಬ ಅಂಕಿ. ಅಲ್ಲಿ ಒಂದು ಪೂರ್ತಿ ವಾಕ್ಯವೂ ಇರಲಿಲ್ಲ. ಒಂಟಿ ಪದ ಕೊಟ್ಟು, ಮಾತಿಗೆ ತೂಕ ಕಡಿಮೆ ಬಂತು ಎಂದರೆ ಅದರಲ್ಲಿ ಅಚ್ಚರಿಯೇನಿದೆ? ಭಾವನೆ, ಒಲವುಗಳ ಬಗ್ಗೆ ಮಾತಾಡುವಾಗ ಬಿಟ್ಟರೆ ಈ ಸೂತ್ರ ಅನ್ವಯಿಸದು ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ತರಬೇತಿಯ ಸ್ಲೈಡುಗಳಲ್ಲಿ ಆ ಸಾಲು ಮಾತ್ರ ಹೇಗೋ ಬಿಟ್ಟುಹೋಗುತ್ತದೆ.

ದನಿಯ ತೂಕವಾದರೂ ಎಲ್ಲರಿಗೂ ಒಂದೇ ಅಲ್ಲ. ಶಿನೊಬು ಕಿತಾಯಾಮ ಮತ್ತು ಕೀಕೊ ಇಶಿಯಿ ಅವರ ತಂಡ ಹಿತವಾದ ಅರ್ಥದ ಪದವನ್ನು ಕಟು ದನಿಯಲ್ಲಿ, ಅಹಿತ ಪದವನ್ನು ಇಂಪಾದ ದನಿಯಲ್ಲಿ ಕೇಳಿಸಿ, ಒಂದನ್ನು ಮರೆತು ಇನ್ನೊಂದನ್ನು ಮಾತ್ರ ಗುರುತಿಸಿ ಎಂದಿತು. ಅಮೆರಿಕನ್ನರಿಗೆ ಪದದ ಅರ್ಥವನ್ನು ಪಕ್ಕಕ್ಕಿಡುವುದು ಕಷ್ಟವಾಯಿತು, ಜಪಾನೀಯರಿಗೆ ದನಿಯನ್ನು. ಇಂಥಲ್ಲಿ ಜಗತ್ತಿಗೆಲ್ಲ ಸಲ್ಲುವ ಒಂದು ಶೇಕಡಾವಾರು ಲೆಕ್ಕ ಎಲ್ಲಿಂದ ಬರಬೇಕು?

ಇನ್ನು ಕಣ್ಣು. ಸುಳ್ಳು ಹೇಳುವವರನ್ನು ಗುರುತಿಸುವುದು ಹೇಗೆ ಎಂದು 58 ದೇಶಗಳಲ್ಲಿ ಕೇಳಿದಾಗ ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ ‘ಕಣ್ಣು ತಪ್ಪಿಸುತ್ತಾರೆ’. ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದಕ್ಕೆ ಮೂರು ವರ್ಷ ಮೊದಲೇ ಬೆಲ್ಲಾ ಡಿಪಾಲೊ ಮತ್ತಿತರರು 158 ಲಕ್ಷಣಗಳನ್ನು ಒರೆಗೆ ಹಚ್ಚಿ, ಬಹುಪಾಲು ಲಕ್ಷಣಗಳಿಗೂ ಸುಳ್ಳಿಗೂ ನಂಟು ಇಲ್ಲ ಅಥವಾ ತೀರಾ ತೆಳು ಎಂದು ತೋರಿಸಿದ್ದರು. ಕಣ್ಣೋಟವೂ ಆ ಸಾಲಿನಲ್ಲೇ ಇತ್ತು. ಸುಳ್ಳು-ನಿಜ ಗುರುತಿಸುವಲ್ಲಿ ಜನ ಸರಾಸರಿ ಶೇ. 54ರಷ್ಟು ಸಲ ಮಾತ್ರ ಸರಿ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ.

ನಿಮ್ಮ ಕಾಲಂ ಎಲ್ಲಿ ಅನ್ಯಾಯ ಮಾಡುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಪ್ರಶ್ನೆ ಕಠಿಣವಾದಷ್ಟೂ ಜನ ಎದುರಿನವರ ಮುಖದಿಂದ ದೃಷ್ಟಿ ತೆಗೆಯುತ್ತಾರೆ. ಮುಖ ನೋಡುವುದೇ ಮನಸ್ಸಿಗೆ ಒಂದು ಕೆಲಸ, ಅದನ್ನು ಬಿಟ್ಟರೆ ನೆನಪಿಸಿಕೊಳ್ಳುವುದು ಸುಲಭ. ಅಂದರೆ ನೀವು ಒಳ್ಳೆಯ ಪ್ರಶ್ನೆ ಕೇಳಿದಾಗಲೇ, ಅಭ್ಯರ್ಥಿ ನಿಜವಾಗಿ ಯೋಚಿಸುವಾಗಲೇ ಅಂಕ ಹೋಗುತ್ತದೆ. ಮೇಲಿನವರನ್ನು ನೆಟ್ಟ ನೋಟದಿಂದ ನೋಡುವುದು ಅಗೌರವ ಎಂದು ಬೆಳೆದವರೂ ಇದ್ದಾರೆ. ವಿಡಿಯೊದಲ್ಲಂತೂ ಕ್ಯಾಮೆರಾ ಪರದೆಯ ಮೇಲ್ಗಡೆ, ನಿಮ್ಮ ಮುಖ ಅದರ ಕೆಳಗೆ. ನಿಮ್ಮನ್ನೇ ನೋಡುತ್ತಿರುವವರು ನಿಮಗೆ ಕೆಳಗೆ ನೋಡುವಂತೆ ಕಾಣುತ್ತಾರೆ. ಕ್ಯಾಮೆರಾ ನೋಡುತ್ತ ಮಾತಾಡುವ ಅಭ್ಯಾಸವಿರುವವರಿಗೆ ಪೂರ್ತಿ ಅಂಕ!

ಕೈ ಕಟ್ಟುವುದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕೋಣೆ ತಣ್ಣಗಿರಬಹುದು, ಕುರ್ಚಿಗೆ ಕೈಯಿಲ್ಲದಿರಬಹುದು.

ಉತ್ತರ ತಡವಾಗುವುದರ ಬಗ್ಗೆ ಮಾತ್ರ ವಿವರವಾಗಿಯೇ ಹೇಳಬೇಕು. ತಾನ್ಯಾ ಸ್ಟೈವರ್ಸ್ ಮತ್ತಿತರರು 2009ರಲ್ಲಿ 10 ಭಾಷೆಗಳ ಸಂಭಾಷಣೆಗಳನ್ನು ಅಳೆದರು. ಹೌದು-ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಜಪಾನೀ ಭಾಷೆಯಲ್ಲಿ 7, ಡೇನಿಷ್‌ನಲ್ಲಿ 469. ಭಾಷೆಗಳ ನಡುವಿನ ಈ ಅಂತರ ಅರ್ಧ ಸೆಕೆಂಡನ್ನೂ ಮುಟ್ಟುವುದಿಲ್ಲ. ಆದರೆ ಕಿವಿ ಇಷ್ಟು ಬಿಗಿಯಾದ ಲಯಕ್ಕೆ ಒಗ್ಗಿರುವುದರಿಂದ, ಸ್ವಲ್ಪ ಹೆಚ್ಚಿದರೂ ‘ಯಾಕೋ ಹಿಂಜರಿಯುತ್ತಿದ್ದಾರೆ’ ಎನ್ನಿಸುತ್ತದೆ.

ಇದರ ಮೇಲೆ ಜಾಲದ ವಿಳಂಬ. ದನಿ ಒಂದು ತುದಿಯಿಂದ ಇನ್ನೊಂದಕ್ಕೆ ತಲುಪಲು 150 ಮಿಲಿಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ, 400 ದಾಟಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಅದು ಒಂದು ದಿಕ್ಕಿನ ಲೆಕ್ಕ. ಪ್ರಶ್ನೆ ಹೋಗಬೇಕು, ಉತ್ತರ ಬರಬೇಕು. ಹಾಗಾಗಿ ಒಳ್ಳೆಯ ಸಂಪರ್ಕದಲ್ಲೂ ನಿಮಗೆ ಕೇಳುವ ಮೌನಕ್ಕೆ 300 ಮಿಲಿಸೆಕೆಂಡ್ ಸೇರಿಕೊಂಡಿರಬಹುದು, ಅಭ್ಯರ್ಥಿ ಒಂದಿಷ್ಟೂ ತಡಮಾಡದಿದ್ದರೂ. ನೀವು ಮತ್ತೆ ಮಾತು ಶುರು ಮಾಡುತ್ತೀರಿ, ಅಷ್ಟರಲ್ಲಿ ಅವರ ಉತ್ತರ ಬಂದು ಡಿಕ್ಕಿ ಹೊಡೆಯುತ್ತದೆ, ಇಬ್ಬರೂ ನಿಲ್ಲಿಸುತ್ತೀರಿ. ವಿಳಂಬ ಜಾಲದ್ದು, ಅಪವಾದ ಮನುಷ್ಯನ ಮೇಲೆ: ಬೇಕೆಂದೇ ವಿಳಂಬ ಸೇರಿಸಿ ನಡೆಸಿದ ದೂರವಾಣಿ ಪ್ರಯೋಗಗಳಲ್ಲಿ ಜನ ಎದುರಿನವರನ್ನು ‘ಗಮನವಿಲ್ಲದವರು’ ಎಂದು ಅಳೆದದ್ದುಂಟು.

ಪಟ್ಟಿ ಯಾಕೆ ಕೊಡುವುದಿಲ್ಲ ಎಂಬುದಕ್ಕೆ ಡೇವಿಡ್ ಎಫ್ರಾನ್ 1941ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕು. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಪೂರ್ವ ಯುರೋಪಿನ ಯಹೂದಿಗಳು ಮತ್ತು ದಕ್ಷಿಣ ಇಟಲಿಯವರು ಮಾತಾಡುವಾಗ ಕೈ ಆಡಿಸುವ ರೀತಿಯೇ ಬೇರೆ ಬೇರೆ. ಯಹೂದಿಗಳದು ಮೊಣಕೈಯಿಂದ ಕೆಳಗೆ, ಮೈಗೆ ಹತ್ತಿರ. ಇಟಲಿಯವರದು ಭುಜದಿಂದಲೇ, ಅಗಲವಾಗಿ. ಅಮೆರಿಕದ ಬದುಕಿಗೆ ಬೆರೆತುಹೋದವರಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. ಪಾಸ್‌ಪೋರ್ಟ್ ನೋಡಿ ಕೈ ಓದಲಾಗದು. ಸಂದರ್ಭವೂ ಸೇರುತ್ತದೆ: ವ್ಯಾಲೇಸ್ ಫ್ರೀಸೆನ್ 1972ರಲ್ಲಿ ತೋರಿಸಿದಂತೆ, ಮೈ ಜುಮ್ಮೆನ್ನಿಸುವ ಚಿತ್ರವನ್ನು ಒಂಟಿಯಾಗಿ ನೋಡುವಾಗ ಜಪಾನೀ ಮತ್ತು ಅಮೆರಿಕನ್ ವಿದ್ಯಾರ್ಥಿಗಳ ಮುಖ ಒಂದೇ ಥರ ಕಿವುಚಿತ್ತು, ಪ್ರಯೋಗ ನಡೆಸುವವರು ಎದುರಿಗಿದ್ದಾಗ ಜಪಾನೀಯರು ಹೆಚ್ಚಾಗಿ ನಗುವಿನಲ್ಲಿ ಅದನ್ನು ಮರೆಸಿದರು. ಸಂದರ್ಶನದಲ್ಲಿ ನಿಮಗೆ ಸಿಗುವುದು ಯಾವಾಗಲೂ ಎರಡನೆಯ ಮುಖ.

ಹಾಗಾದರೆ ಮಾಡಬೇಕಾದ್ದು. ಆ 20 ಅಂಕಗಳನ್ನು ಉತ್ತರಗಳಿಗೆ ಹಂಚಿ. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಪ್ರತಿ ಉತ್ತರಕ್ಕೂ 1ರಿಂದ 5, ಯಾವ ಉತ್ತರಕ್ಕೆ ಎಷ್ಟು ಎಂದು ಮೊದಲೇ ಬರೆದಿಟ್ಟುಕೊಂಡು. ಅಂಕ ಅಲ್ಲಲ್ಲೇ ಹಾಕಿ, ಕೊನೆಗೆ ಒಟ್ಟಿಗೆ ಹಾಕಲು ಹೋದರೆ ಒಟ್ಟಾರೆ ಹಿಡಿಸಿದವರಿಗೆ ಎಲ್ಲ ಸಾಲಿನಲ್ಲೂ 4 ಬೀಳುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಸೆಕೆಂಡ್ ಎಣಿಸಿ, ಆಮೇಲಷ್ಟೇ ಬಾಯಿ ತೆರೆಯಿರಿ. ‘ಯೋಚಿಸಲು ಸಮಯ ತಗೊಳ್ಳಿ, ಎತ್ತ ಬೇಕಾದರೂ ನೋಡಿ’ ಎಂದು ಆರಂಭದಲ್ಲೇ ಅಭ್ಯರ್ಥಿಗೆ ಹೇಳಿಬಿಡಿ. ಹೇಳದ ನಿಯಮಕ್ಕೆ ಅಂಕ ಕಳೆಯುವುದಕ್ಕಿಂತ ಇದು ಮೇಲು.

ಹಾಗೆಂದು ಕಣ್ಣು ಮುಚ್ಚಿ ಕೂರಬೇಕಿಲ್ಲ. ಮೊದಲ ಐದು ನಿಮಿಷದ ಲೋಕಾಭಿರಾಮದಲ್ಲಿ ಆ ವ್ಯಕ್ತಿ ಹೇಗಿದ್ದಾರೆ ಎಂದು ನೋಡಿ. ಒಂದು ನಿರ್ದಿಷ್ಟ ಪ್ರಶ್ನೆಗೆ ದನಿ, ವೇಗ, ಭಂಗಿ ಒಟ್ಟಿಗೆ ಬದಲಾದರೆ ಅದನ್ನು ಇನ್ನೊಂದು ಪ್ರಶ್ನೆ ಕೇಳುವ ಸೂಚನೆ ಎಂದುಕೊಳ್ಳಿ, ತೀರ್ಪು ಎಂದಲ್ಲ. ಟಿಪ್ಪಣಿಯಲ್ಲಿ ‘ಆತ್ಮವಿಶ್ವಾಸವಿಲ್ಲ’ ಎಂದು ಬರೆಯದೆ ‘4ನೇ ಪ್ರಶ್ನೆಗೆ ದನಿ ತಗ್ಗಿತು’ ಎಂದು ಬರೆಯಿರಿ. ಕೆಲಸಕ್ಕೇ ಕ್ಯಾಮೆರಾ ಎದುರಿಸುವ ಕೌಶಲ ಬೇಕಿದ್ದರೆ, ಅದಕ್ಕೊಂದು ಪ್ರತ್ಯೇಕ ಪರೀಕ್ಷೆ ಇಡಿ.

ಕಾಲಂ ಹೋದರೂ ಭಾಷೆ, ಉಚ್ಚಾರಣೆ ಕೇಳಿ ಮೂಡುವ ಪೂರ್ವಗ್ರಹ ಉಳಿಯುತ್ತದೆ. ವ್ಯಾಲೇಸ್ ಲ್ಯಾಂಬರ್ಟ್ ಮತ್ತಿತರರು 1960ರಲ್ಲಿ ಮಾಂಟ್ರಿಯಲ್‌ನಲ್ಲಿ ಎರಡೂ ಭಾಷೆ ಬಲ್ಲವರಿಂದ ಒಂದೇ ಬರಹವನ್ನು ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಓದಿಸಿದರು. ಎರಡು ದನಿಯೂ ಒಬ್ಬರದೇ ಎಂದು ಕೇಳುಗರಿಗೆ ಗೊತ್ತಿಲ್ಲ. ಬುದ್ಧಿವಂತಿಕೆ, ನಂಬಿಕಸ್ತಿಕೆಯಂಥ ಹಲವು ಗುಣಗಳಲ್ಲಿ ಇಂಗ್ಲಿಷ್ ದನಿಗೇ ಹೆಚ್ಚು ಅಂಕ ಸಿಕ್ಕಿತು, ಫ್ರೆಂಚ್ ಮಾತೃಭಾಷೆಯವರಿಂದ ಕೂಡ. ಇದಕ್ಕೆ ನಾವು ಸೂಚಿಸುವ ದಾರಿ: ಅಭ್ಯರ್ಥಿಯ ಒಪ್ಪಿಗೆ ಪಡೆದು ಸಂದರ್ಶನವನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಕರೆಯಲ್ಲಿ ಇರದ ಒಬ್ಬರು ಅದನ್ನು ಓದಿ ಮಾತ್ರ ಅಂಕ ಹಾಕಲಿ. ಒಬ್ಬರ ಅಂಕ ಇನ್ನೊಬ್ಬರಿಗೆ ಮೊದಲೇ ತಿಳಿಯಬಾರದು. ಯಾವ ಉತ್ತರದಲ್ಲಿ ಇಬ್ಬರ ನಡುವೆ 2 ಅಂಕ ಅಥವಾ ಹೆಚ್ಚು ವ್ಯತ್ಯಾಸ ಬಂತೋ, ಅದರ ಧ್ವನಿಮುದ್ರಣವನ್ನಷ್ಟೇ ಇಬ್ಬರೂ ಕೂತು ಮತ್ತೆ ಆಲಿಸಿ.