ಸೊಂಟ ನೋವು, ಕಾಫಿ ಕುಯ್ಲು: ಫೌಜಿ ಅಣ್ಣನಿಗೆ ಉತ್ತರ

ಅಣ್ಣಾ, ಫೌಜಿನಿಂದ ಬಂದು ಆರು ವರ್ಷವಾದರೂ ಸೊಂಟ ನೋವು ಬಿಟ್ಟಿಲ್ಲ, ಡಾಕ್ಟರು ಆಪರೇಷನ್ ಬೇಡ ವ್ಯಾಯಾಮ ಮಾಡಿ ಅಂದಿದ್ದಾರೆ, ಆದರೆ ಬಗ್ಗಲು ಭಯ, ಕುಯ್ಲು ಬೇರೆ ಹತ್ತಿರ ಬಂತು ಅಂತ ಕೇಳಿದ್ದೀರಿ. ನಾನೂ 17 ವರ್ಷ ಫೌಜಿನಲ್ಲಿ ಪಿಟ್ಟು (ಬೆನ್ನ ಮೇಲಿನ ಸಾಮಾನಿನ ಚೀಲ) ಹೊತ್ತವನು. ಕೊನೆಯ ಎರಡು ವರ್ಷ ಲೋ ಮೆಡಿಕಲ್ ಕೆಟಗರಿಯಲ್ಲೇ, ಅಂದರೆ ಪೂರ್ತಿ ಫಿಟ್ ಅಲ್ಲ ಅನ್ನೋ ದರ್ಜೆಯಲ್ಲೇ ಕಳೆದೆ.

ನೋವು ಕಡಿಮೆ ಇದ್ದ ದಿನ ನಮ್ಮಂಥವರು ವಾರದ ಕೆಲಸವನ್ನೆಲ್ಲ ಮುಗಿಸಲು ಹೋಗುತ್ತೇವೆ. ಹಲ್ಲು ಕಚ್ಚಿ ಮುಗಿಸು ಅನ್ನೋದು ಪಿಟಿ ಮೈದಾನದ ಪಾಠ, ಅಲ್ವಾ? ಆಮೇಲೆ ನಾಲ್ಕು ದಿನ ಹಾಸಿಗೆ. ಹೀಗೆ ಮಾಡಿ ಮಾಡಿ ನನ್ನ ಮೈಯಲ್ಲಿದ್ದ ತಾಕತ್ತೂ ಇಳಿದುಹೋಯಿತು. ಈಗ ನಾನು ನೋವು ನೋಡಿ ನಿಲ್ಲಿಸುವುದಿಲ್ಲ, ಗಡಿಯಾರ ನೋಡಿ ನಿಲ್ಲಿಸುತ್ತೇನೆ.

ಮೂರು ದಿನ ನಡೆಯಿರಿ. ಎಷ್ಟು ನಿಮಿಷಕ್ಕೆ ನೋವು ಏರುತ್ತದೆ ಅಂತ ಬರೆದಿಡಿ. 20 ಬಂದರೆ 15ರಿಂದ ಶುರು ಮಾಡಿ. ಚೆನ್ನಾಗಿದ್ದ ದಿನವೂ 15, ಕೆಟ್ಟ ದಿನವೂ 15. ವಾರಕ್ಕೆ ಒಂದೆರಡು ನಿಮಿಷ ಸೇರಿಸಿ ಸಾಕು. ಸಂಜೆ ಸ್ವಲ್ಪ ಜಾಸ್ತಿಯಾಗಿ ಬೆಳಗ್ಗೆ ಮೊದಲಿನಷ್ಟಕ್ಕೆ ಬಂದರೆ ಹೆದರಬೇಡಿ. ಹಳೇ ನೋವಿನಲ್ಲಿ ನರಗಳು ಸಣ್ಣ ಎಳೆತಕ್ಕೂ ಕೂಗುತ್ತವೆ, ಪ್ರತಿ ಕೂಗಿಗೂ ಹೊಸ ಗಾಯ ಇರುವುದಿಲ್ಲ. ಬೆಳಗ್ಗೆಯೂ ಇಳಿಯದಿದ್ದರೆ ಒಂದು ಮೆಟ್ಟಿಲು ಹಿಂದೆ ಬನ್ನಿ, ನಿಲ್ಲಿಸಬೇಡಿ.

ಬಗ್ಗುವ ಭಯಕ್ಕೆ ನನಗೆ ಕೆಲಸ ಮಾಡಿದ್ದು ಒಂದು ದೊಣ್ಣೆ. ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನು, ಕುಂಡೆ ಮೂರಕ್ಕೂ ತಾಗಿರಲಿ. ಮಂಡಿ ತುಸು ಮಡಿಸಿ, ಕುಂಡೆ ಹಿಂದೆ ತಳ್ಳುತ್ತಾ ಬಗ್ಗಿ. ದೊಣ್ಣೆ ಎಲ್ಲೂ ಬಿಡಬಾರದು. ದಿನಕ್ಕೆ ಹತ್ತು ಸಲ. ಎರಡು ವಾರ ಕಳೆದ ಮೇಲೆ ಇದೇ ರೀತಿ ಬಗ್ಗಿ ಕಾಲು ಬಕೆಟ್ ನೀರು ಎತ್ತಿ, ಆಮೇಲೆ ಅರ್ಧ. ನನಗೆ ತುಂಬಿದ ಬಕೆಟ್‌ಗೆ ಬರಲು ಮೂರು ತಿಂಗಳು ಹಿಡಿಯಿತು. 16 ಲೀಟರ್ ಸ್ಪ್ರೇ ಕ್ಯಾನನ್ನು ಈಗಲೂ ಅರ್ಧ ಮಾತ್ರ ತುಂಬುತ್ತೇನೆ.

ಯೋಗ ಆಗುತ್ತಾ ಅಂತಲೂ ಕೇಳಿದ್ದೀರಿ. ಆಗುತ್ತದೆ, ತಾಳ್ಮೆ ಬೇಕು. ಅಮೆರಿಕದಲ್ಲಿ ಸೊಂಟ ನೋವಿನ 150 ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ವಾರಕ್ಕೆ ಎರಡು ಯೋಗ ತರಗತಿ, 12 ವಾರ. ಮಿಕ್ಕವರಿಗೆ ಆಗ ಯೋಗ ಇಲ್ಲ. ದಿನದ ಕೆಲಸ ಎಷ್ಟು ಸಲೀಸಾಯಿತು ಅಂತ ನೋಡಿದರೆ 12 ವಾರಕ್ಕೆ ಎರಡೂ ಗುಂಪಿನ ನಡುವೆ ಹೇಳುವಂಥ ಫರಕು ಇರಲಿಲ್ಲ. ಆರು ತಿಂಗಳಿಗೆ ಕಂಡಿತು. ಒಂದು ತಿಂಗಳಿಗೆ ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು.

ಮೂತ್ರ ಕಟ್ಟಿದರೆ, ತೊಡೆ ಸಂದಿ ಮರಗಟ್ಟಿದರೆ, ಕಾಲಿನ ಬಲ ಹೋದರೆ ವ್ಯಾಯಾಮ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಮಿಕ್ಕಂತೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಹಿಡಿದು ಅದರ ಪಾಲಿಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿ ಕೇಳಿ.

ಈ ಸಲ ಚೀಲ ಹೊರುವ ಕೆಲಸ ಬೇರೆಯವರಿಗೆ ಕೊಡಿ. ತೂಕ, ಲೆಕ್ಕ ನೀವು ನೋಡಿಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಮೂರು ದಿನದ ನಿಮಿಷ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದು ಕೂತು ಲೆಕ್ಕ ಹಾಕೋಣ.