ಚೀಟಿಯಲ್ಲಿ ಬರೆಯದೆ ಉಳಿದ ಹೆಸರು

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಮಕ್ಕಳ ವಿವರ ಇವುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಕಾರವಾರ ಮತ್ತು ಅಂಕೋಲಾ ನಡುವಿನ ಕರಾವಳಿ ಹಳ್ಳಿಯೊಂದರ, ಮನೆಯಲ್ಲಿ ಕೊಂಕಣಿ ಮಾತನಾಡುವ ಕಥೋಲಿಕ ಕುಟುಂಬದ ಹೆಣ್ಣುಮಗಳೊಬ್ಬರು ನವೆಂಬರ್ ಕೊನೆಯ ವಾರದಲ್ಲಿ ಆಪ್ತ ಸಮಾಲೋಚನೆಗಾಗಿ ನನ್ನ ಬಳಿ ಬಂದರು. ಅವರ ಗಂಡ ಬೈತಖೋಲ ಬಂದರಿನಿಂದ ಹೊರಡುವ ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದರು. ಎರಡು ವರ್ಷಗಳ ಹಿಂದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಸೆಪ್ಟೆಂಬರ್ 8ರ ತೆನೆ ಹಬ್ಬ ಕಳೆದ ವಾರದಲ್ಲಿ, ಒಂದು ರಾತ್ರಿ ಅವರು ಬೋಟಿನಿಂದ ನೀರಿಗೆ ಬಿದ್ದರು. ಜೊತೆಗಾರರು ಬೆಳಗಿನವರೆಗೂ, ಆಮೇಲೆ ಹಲವು ದಿನ ಹುಡುಕಿದರು. ದೇಹ ಸಿಗಲಿಲ್ಲ.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತನಾಡಲಿಲ್ಲ. ಪರ್ಸಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನವೆಂಬರ್ ತಿಂಗಳನ್ನು ಧರ್ಮಸಭೆಯು ಮೃತರ ಸ್ಮರಣೆಗೆ ಮೀಸಲಿಡುತ್ತದೆ. ನವೆಂಬರ್ 2ರಂದು ಸಮಾಧಿಗಳನ್ನು ಗುಡಿಸಿ, ಗೊಂಡೆ ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಆ ತಿಂಗಳ ಬಲಿಪೂಜೆಗಳಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಗಳಲ್ಲಿ, ನೆನೆಯಬೇಕಾದ ಮೃತರ ಹೆಸರುಗಳನ್ನು ಬರೆದುಕೊಡಲು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೊಟ್ಟ ಚೀಟಿ ಅದು. ಮಾವನ ಹೆಸರಿತ್ತು, ಅಜ್ಜ ಅಜ್ಜಿಯ ಹೆಸರಿತ್ತು. ಅದರ ಕೆಳಗಿನ ಗೆರೆ ಖಾಲಿಯಾಗಿತ್ತು. "ಅತ್ತೆ ಬರೆ ಅಂತಾರೆ ಅಕ್ಕೋರೇ. ನನ್ನ ಕೈಯಾರೆ ಹೆಸರು ಬರೆದು ನಾನೇ ಅವರನ್ನು ಸಾಯಿಸಲೇ?" ಎಂದರು. ಚೀಟಿ ಕೈಗೆ ಬಂದ ಆ ಭಾನುವಾರದಿಂದ ಅವರು ಇಗರ್ಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಗಂಡನ ಮೊಬೈಲ್ ಅವರ ಜೊತೆಗೇ ಕಡಲಿಗೆ ಹೋಗಿದ್ದರೂ ಆ ನಂಬರಿಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದರು.

ನಿದ್ರೆ ಇರಲಿಲ್ಲ, ತೂಕ ಬಹಳ ಇಳಿದಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಬೆಳಗಾಗದಿದ್ದರೆ ಸಾಕು ಎಂದು ಅನಿಸುವುದುಂಟು, ಆದರೆ ಮಕ್ಕಳಿಬ್ಬರನ್ನು ಬಿಟ್ಟು ಏನನ್ನೂ ಮಾಡಿಕೊಳ್ಳುವುದಿಲ್ಲ ಎಂದರು. ಅದೇ ವಾರ ಮನೋವೈದ್ಯರ ಬಳಿ ಕಳುಹಿಸಿದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಪ್ರಾರ್ಥನೆ ಮಾಡುವವರಿಗೆ ಮಾತ್ರೆ ಯಾಕೆ ಎಂದು ನೆರೆಮನೆಯವರು ಕೇಳಿದ್ದರಂತೆ. ಜ್ವರ ಬಂದಾಗ ಪ್ರಾರ್ಥನೆಯನ್ನೂ ಬಿಡುವುದಿಲ್ಲ, ವೈದ್ಯರನ್ನೂ ಬಿಡುವುದಿಲ್ಲ. ಇದನ್ನೂ ಹಾಗೆಯೇ ನೋಡಿಕೊಳ್ಳಿ ಎಂದು ಹೇಳಿದೆ.

ಸತ್ತವರನ್ನು ಮಣ್ಣು ಮಾಡಿ ಬಂದವರ ದುಃಖಕ್ಕೆ ಒಂದು ನೆಲೆ ಇರುತ್ತದೆ. ಕಾಣೆಯಾದವರ ಮನೆಯಲ್ಲಿ ಆ ನೆಲೆಯೂ ಇರುವುದಿಲ್ಲ. ಕಾದರೆ ಹುಚ್ಚು ಎನ್ನುತ್ತಾರೆ, ಅತ್ತು ಮುಗಿಸಿದರೆ ಕಲ್ಲೆದೆ ಎನ್ನುತ್ತಾರೆ. ಇದು ನಂಬಿಕೆಯ ಕೊರತೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ, ಉತ್ತರ ಸಿಗದ ಅಗಲಿಕೆಯ ಸಹಜ ಲಕ್ಷಣ ಎಂದು ವಿವರಿಸಿದಾಗ ಅವರು ಮೊದಲ ಸಲ ಅತ್ತರು.

ಆ ಖಾಲಿ ಗೆರೆಯ ವಿಷಯಕ್ಕೆ ನಾನು ಕೊಟ್ಟ ಸಲಹೆ ಸರಳವಾದದ್ದು. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 901ನೆಯ ನಿಯಮದ ಪ್ರಕಾರ, ಬದುಕಿರುವವರಾಗಲಿ ಮೃತರಾಗಲಿ, ಯಾರಿಗಾಗಿ ಬೇಕಾದರೂ ಬಲಿಪೂಜೆ ಅರ್ಪಿಸಲು ಧರ್ಮಗುರುಗಳಿಗೆ ಸ್ವಾತಂತ್ರ್ಯವಿದೆ. ಹಾಗಿದ್ದ ಮೇಲೆ ಆತ ಇದ್ದಾನೋ ಇಲ್ಲವೋ ಎಂದು ಹೆಂಡತಿ ತೀರ್ಮಾನಿಸಿ ಹೇಳಬೇಕಾಗಿಲ್ಲ. ಹೆಸರಿನ ಹಿಂದೆ ಮುಂದೆ ಏನನ್ನೂ ಸೇರಿಸದೆ, ಬರೀ ಹೆಸರು ಹೇಳಿ ಪೂಜೆ ಕೊಡಿಸಬಹುದೇ ಎಂದು ಧರ್ಮಗುರುಗಳನ್ನು ಕೇಳಿ ನೋಡಿ ಎಂದೆ. ಗುರುಗಳು ಕೂಡಲೇ ಒಪ್ಪಿದರು. ಡಿಸೆಂಬರ್ ಮೊದಲ ವಾರದ ಒಂದು ಬೆಳಗಿನ ಪೂಜೆಯಲ್ಲಿ ಆ ಹೆಸರು ಓದಲಾಯಿತು.

ಅದು ಆಗಮನ ಕಾಲ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಸಿದ್ಧತೆಯ ಕಾಲ. ಬಲಿಪೀಠಕ್ಕೆ ನೇರಳೆ ಬಟ್ಟೆ, ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆ ಇಲ್ಲ, ಹಸಿರೆಲೆಗಳ ಬಳೆಯಲ್ಲಿ ನಿಲ್ಲಿಸಿದ ನಾಲ್ಕು ಮೇಣದ ಬತ್ತಿಗಳಲ್ಲಿ ವಾರಕ್ಕೊಂದು ಮಾತ್ರ ಹೊಸದಾಗಿ ಹತ್ತುತ್ತದೆ. ಕಾಯುವುದನ್ನೇ ಆರಾಧನೆ ಮಾಡಿಕೊಂಡ ಈ ನಾಲ್ಕು ವಾರಗಳು ಅವರಿಗೆ ಒದಗುತ್ತವೆ ಎಂಬ ಭರವಸೆ ನನಗಿತ್ತು, ಜೊತೆಗೆ ಒಂದು ಅಂಜಿಕೆಯೂ ಇತ್ತು. ಆಗಮನ ಕಾಲದ ನಿರೀಕ್ಷೆ ಕ್ರಿಸ್ತನದು. ಕ್ರಿಸ್ಮಸ್ಸಿಗೆ ಗಂಡ ಬಂದೇ ಬರುತ್ತಾನೆ ಎಂದು ಅವರು ಅದಕ್ಕೆ ಗಂಟು ಹಾಕಿಕೊಂಡರೆ ಡಿಸೆಂಬರ್ 26ರ ಬೆಳಗನ್ನು ಎದುರಿಸುವುದು ಕಷ್ಟವಾಗುತ್ತಿತ್ತು. ಇದನ್ನು ಬಾಯಿಬಿಟ್ಟೇ ಹೇಳಿದೆ. ಇಂಥ ಸಂದರ್ಭದಲ್ಲಿ ಸುಳ್ಳು ಭರವಸೆಗಿಂತ ಕ್ರೂರವಾದದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಹಬ್ಬದ ಸಂತೋಷವನ್ನು ನಟಿಸಬೇಡಿ, ಮಕ್ಕಳು ಮನೆಯ ಮುಂದೆ ನಕ್ಷತ್ರ ಕಟ್ಟುವುದನ್ನು ಮಾತ್ರ ತಡೆಯಬೇಡಿ ಎಂದೆ. ಡಿಸೆಂಬರ್ 28ರಂದು, ಶಿಶು ಯೇಸುವನ್ನು ಮುಗಿಸಲೆಂದು ಹೆರೋದ ರಾಜನು ಕೊಲ್ಲಿಸಿದ ಮಕ್ಕಳ ಸ್ಮರಣೆಯ ದಿನ, ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯ ಓದಲಾಗುತ್ತದೆ. ತನ್ನ ಮಕ್ಕಳು ಇಲ್ಲವಾದದ್ದಕ್ಕೆ ಗೋಳಾಡುತ್ತ ಯಾರ ಸಾಂತ್ವನವನ್ನೂ ಒಲ್ಲೆನೆನ್ನುವ ರಾಖೇಲಳು ಅಲ್ಲಿ ಬರುತ್ತಾಳೆ. "ಹಬ್ಬವಾಗಿ ಮೂರೇ ದಿನಕ್ಕೆ ಇದನ್ನು ಓದುತ್ತಾರೆಯೇ?" ಎಂದು ಅವರು ಆಶ್ಚರ್ಯಪಟ್ಟರು. ಚಿಕ್ಕಂದಿನಿಂದ ಕೇಳಿದ ವಾಚನವೇ ಆದರೂ ಅಂದೇ ಅದು ಅವರ ಕಿವಿಗೆ ಬಿದ್ದಿತ್ತು.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿ ನಾವು ಹಿಂದಕ್ಕೆ ಹೋದೆವು. ನಲವತ್ತು ದಿನವೂ ಒಂದೇ ಹೊತ್ತು ಉಂಡರೆ ದೇವರು ದೇಹವನ್ನಾದರೂ ಕೊಟ್ಟಾನು ಎಂದು ಅವರು ಹರಕೆ ಹೊತ್ತಿದ್ದರು. ಉಪವಾಸ ಕಡ್ಡಾಯವಾಗಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ. ಮೈ ಸರಿಯಿಲ್ಲದವರಿಗೆ ಆಗಲೂ ವಿನಾಯಿತಿ ಉಂಟು. ಇದನ್ನು ನನ್ನ ಬಾಯಿಂದ ಕೇಳುವುದಕ್ಕಿಂತ ಧರ್ಮಗುರುಗಳ ಬಾಯಿಂದ ಕೇಳಲಿ ಎಂದು ಅವರ ಬಳಿ ಕಳುಹಿಸಿದೆ. ಹರಕೆ ಬಿಡಿಸಿದ ಗುರುಗಳು ಅದರ ಬದಲು ಶುಕ್ರವಾರದ ಶಿಲುಬೆ ಹಾದಿಗೆ, ಅಂದರೆ ಯೇಸುವಿನ ಕೊನೆಯ ಯಾತನೆಯನ್ನು ಸ್ಥಳ ಸ್ಥಳದಲ್ಲಿ ನಿಂತು ಧ್ಯಾನಿಸುವ ಪ್ರಾರ್ಥನೆಗೆ, ಬರಲು ಹೇಳಿದರು.

ಹದಿನಾಲ್ಕು ಸ್ಥಳಗಳಲ್ಲಿ ಹನ್ನೆರಡನೆಯದರವರೆಗೆ ಅವರು ನಿಂತರು. ಹದಿಮೂರನೆಯದರಲ್ಲಿ ಯೇಸುವಿನ ದೇಹವನ್ನು ಶಿಲುಬೆಯಿಂದಿಳಿಸಿ ತಾಯಿಯ ಮಡಿಲಲ್ಲಿಡುತ್ತಾರೆ, ಹದಿನಾಲ್ಕನೆಯದರಲ್ಲಿ ಸಮಾಧಿ ಮಾಡುತ್ತಾರೆ. ಅವರು ಎದ್ದು ಹೊರಗೆ ಹೋದರು. "ಮರಿಯಮ್ಮನಿಗೆ ದೇಹವಾದರೂ ಸಿಕ್ಕಿತು" ಎಂದು ಮರುವಾರ ನನ್ನೆದುರು ಹೇಳಿ, ಹಾಗೆ ಹೇಳಿದ್ದು ಪಾಪವೇ ಎಂದು ಕೇಳಿದರು. ಪಾಪವಲ್ಲ, ಅದೂ ಪ್ರಾರ್ಥನೆಯೇ ಎಂದೆ. ಉಳಿದ ಶುಕ್ರವಾರಗಳಲ್ಲಿ ಹನ್ನೆರಡನೆಯದು ಮುಗಿದೊಡನೆ ಹೊರಬಂದು ಅಂಗಳದ ಶಿಲುಬೆಯ ಬಳಿ ಕೂರಲು ಹೇಳಿದೆ, ಹಾಗೆಯೇ ಮಾಡಿದರು.

ಪಾಸ್ಖ (ಈಸ್ಟರ್) ಹಬ್ಬದ ಮುನ್ನಾದಿನದ ಜಾಗರಣೆಯ ರಾತ್ರಿಯ ಬಗ್ಗೆ ಮೊದಲೇ ಎಚ್ಚರಿಸಬೇಕಾಗಿತ್ತು, ಏಕೆಂದರೆ ಅಂದು ಬೈಬಲಿನ ವಿಮೋಚನಕಾಂಡದ ಹದಿನಾಲ್ಕನೆಯ ಅಧ್ಯಾಯವನ್ನು ಓದದೆ ಬಿಡುವಂತಿಲ್ಲ. ಸಮುದ್ರ ಇಬ್ಭಾಗವಾಗುತ್ತದೆ, ಮತ್ತೆ ಕೂಡಿಕೊಂಡು ಸೈನ್ಯವನ್ನೇ ನುಂಗುತ್ತದೆ. ಕಡಲಿಗೆ ಮನೆಯವರನ್ನು ಕೊಟ್ಟವರು ಅದನ್ನು ಸುಮ್ಮನೆ ಕೇಳಲಾರರು. ಬೇಡವೆನಿಸಿದರೆ ಬರಬೇಡಿ ಎಂದಿದ್ದೆ.

ಅವರು ಅದಕ್ಕೂ ಮೊದಲು, ಶನಿವಾರ ಮಧ್ಯಾಹ್ನವೇ ಇಗರ್ಜಿಗೆ ಹೋಗಿದ್ದರು. ಪವಿತ್ರ ಶನಿವಾರ ಹಗಲಿನಲ್ಲಿ ಬಲಿಪೂಜೆ ಇಲ್ಲ, ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಪರಮಪ್ರಸಾದದ ಪೆಟ್ಟಿಗೆ ಬಾಗಿಲು ತೆರೆದು ಬರಿದಾಗಿರುತ್ತದೆ. ಅಲ್ಲಿ ಒಬ್ಬರೇ ಒಂದು ಗಂಟೆ ಕೂತರಂತೆ. "ಅವತ್ತು ಇಗರ್ಜಿ ನಮ್ಮ ಮನೆಯ ಹಾಗೇ ಇತ್ತು" ಎಂದರು. ನಾನು ಅದಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ರಾತ್ರಿ ಜಾಗರಣೆಗೂ ಹೋಗಿ ಹಿಂದಿನ ಸಾಲಿನಲ್ಲಿ ನಿಂತರು; ಪಾಸ್ಖ ದೀಪದ ಬೆಂಕಿ ಕೈಯಿಂದ ಕೈಗೆ ದಾಟುತ್ತ ಬಂದಾಗ ಅವರ ಬತ್ತಿಯನ್ನು ಹಚ್ಚಿದ್ದು ಪಕ್ಕದಲ್ಲಿದ್ದ ಅತ್ತೆ.

ಅಲ್ಲೆಲುಯ ಹಾಡಲು ಬಾಯಿ ಬರಲಿಲ್ಲವೆಂದು ನೊಂದುಕೊಂಡರು. ಪಾಸ್ಖ ಕಾಲ ಒಂದು ದಿನದ್ದಲ್ಲ, ಪೆಂತೆಕೋಸ್ತ್ ಹಬ್ಬದವರೆಗೆ ಐವತ್ತು ದಿನಗಳದ್ದು. ಅದರ ಮೊದಲ ಬೆಳಗಿನಲ್ಲಿ, ಬರಿದಾದ ಸಮಾಧಿಯೆದುರು, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳೂ ಹಾಡಲಿಲ್ಲ, ನನ್ನ ಪ್ರಭುವನ್ನು ಎಲ್ಲಿ ಇಟ್ಟಿದ್ದಾರೋ ತಿಳಿಯದು ಎಂದು ಅತ್ತಳು. ಯೊವಾನ್ನನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದ ಆ ಭಾಗವನ್ನು ದಿನವೂ ರಾತ್ರಿ ಓದಲು ಹೇಳಿದೆ. ಅವರು ಈಗಲೂ ಓದುತ್ತಾರೆ.

ನಡುವೆ ಅತ್ತೆಯನ್ನೂ ಒಮ್ಮೆ ಕರೆಸಿದೆ. ಮಗನ ಆತ್ಮಕ್ಕೆ ಪ್ರಾರ್ಥನೆ ಇಲ್ಲದೆ ಹೋದೀತು ಎಂಬ ಭಯದಿಂದ ಅವರು ಹಟ ಹಿಡಿದಿದ್ದರು. ಸೊಸೆ ಅದನ್ನು ಅವಸರ ಎಂದುಕೊಂಡಿದ್ದರು. ಕಾಗದಪತ್ರಗಳ ಸಂಕಟವೂ ಇತ್ತು. ಏಳು ವರ್ಷ ಸುದ್ದಿ ಸಿಗದವರನ್ನು ಮೃತರೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ; ಅದಕ್ಕೂ ಮೊದಲು ಏನು ಸಾಧ್ಯ ಎಂದು ತಿಳಿಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿದೆ, ಮಹಿಳೆಯರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಆ ಅರ್ಜಿಗೆ ಸಹಿ ಹಾಕಿದರೆ ಪ್ರಾರ್ಥನೆ ನಿಲ್ಲಿಸಿದಂತಾಗುವುದಿಲ್ಲ ಎಂದು ಎರಡೆರಡು ಬಾರಿ ಹೇಳಬೇಕಾಯಿತು.

ಈ ನವೆಂಬರ್ 2ರಂದು ಅವರು ಅತ್ತೆಯೊಡನೆ ಮಾವನ ಸಮಾಧಿಯನ್ನು ಗುಡಿಸಿ ಹೂವಿಟ್ಟು ಬಂದರು. ಚೀಟಿಯ ಆ ಗೆರೆ ಈ ವರ್ಷವೂ ಖಾಲಿಯಾಗಿಯೇ ಹೋಯಿತು. ಅತ್ತೆ ಏನೂ ಅನ್ನಲಿಲ್ಲ. ಅದೇ ವಾರ ಗಂಡನ ಹೆಸರಿನಲ್ಲಿ, ಬರೀ ಹೆಸರಿನಲ್ಲಿ, ಇಬ್ಬರೂ ಸೇರಿ ಪೂಜೆ ಕೊಡಿಸಿದರು. ನಿದ್ರೆ ಸುಧಾರಿಸಿದೆ, ಮಾತ್ರೆಯ ಪ್ರಮಾಣವನ್ನು ವೈದ್ಯರು ಇಳಿಸಿದ್ದಾರೆ. ಮೊಬೈಲ್ ನಂಬರಿಗೆ ರೀಚಾರ್ಜ್ ಇನ್ನೂ ನಡೆದಿದೆ, ನಿಲ್ಲಿಸಿ ಎಂದು ನಾನು ಹೇಳಿಲ್ಲ. ಆದರೆ ಅದು ಮುಗಿಯುವ ದಿನವನ್ನು ಈಗ ಹದಿನಾಲ್ಕರ ಹಿರಿಯ ಮಗ ನೆನಪಿಟ್ಟುಕೊಂಡು ತಾಯಿಗೆ ಹೇಳುತ್ತಾನೆಂದು ಕಳೆದ ಭೇಟಿಯಲ್ಲಿ ತಿಳಿಯಿತು. ಮುಂದಿನ ಸಲ ಬರುವಾಗ ಅವನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.